ಪೆಡಲ್ ಗಿಟಾರಿನ ಕೆಳಗೆ ಕೂತವಳು

ನನ್ನ ಗಂಡನ ಎಡಗಾಲಿನ ಗಿಣ್ಣು ಮುರಿದದ್ದು ಎಲ್ಲೋರಾ ಗುಹೆಗಳಿರುವ ವೇರೂಳಿನಿಂದ ಸ್ಕೂಟರಿನಲ್ಲಿ ವಾಪಸು ಬರುವಾಗ, ಘಾಟಿನ ಇಳಿಜಾರಿನಲ್ಲಿ. ಹಿಂದೆ ಕೂತಿದ್ದ ನನಗೆ ಮೊಣಕೈ ತರಚಿತು, ಅಷ್ಟೆ. ಅವರ ಕಾಲಿಗೆ ಸರಳು ಹಾಕಿ ಪ್ಲಾಸ್ಟರ್ ಕಟ್ಟಿದರು. ಪೆಡಲ್ ಒತ್ತುವುದು ಯಾವಾಗಿನಿಂದ ಆದೀತು ಅಂತ ಅವರು ಡಾಕ್ಟರನ್ನು ಕೇಳಿದರು. ಡಾಕ್ಟರು ಸೈಕಲ್ಲಿನ ಮಾತೆಂದು ತಿಳಿದು, ಸದ್ಯಕ್ಕೆ ಮರೆತುಬಿಡಿ ಅಂದರು.

ಅವರು ಕೇಳಿದ್ದು ಗಿಟಾರಿನ ಪೆಡಲ್ ಬಗ್ಗೆ. ಧಾರವಾಡದಲ್ಲಿ ಹುಡುಗರಾಗಿದ್ದಾಗ ಅವರು ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು. ಮದುವೆಯಾದ ಮೇಲೆ ನನ್ನ ಬ್ಯಾಂಕಿನ ವರ್ಗಾವಣೆ ಎಲ್ಲಿಗೋ ಅಲ್ಲಿಗೆ ಬಂದು, ಮನೆಯಲ್ಲೇ ಮಕ್ಕಳಿಗೆ ಗಿಟಾರ್ ಹೇಳಿಕೊಟ್ಟರು. ನಾಸಿಕದಲ್ಲಿದ್ದಾಗ ಹಡಗಿನ ಬ್ಯಾಂಡಿನಲ್ಲಿ ನುಡಿಸಿ ನಿವೃತ್ತರಾದ ಒಬ್ಬ ಹಿರಿಯರ ಪರಿಚಯವಾಯಿತು. ಬೆನ್ನುನೋವಿನಿಂದ ಕೂರಲಾಗದೆ ಅವರು ತಮ್ಮ ಪೆಡಲ್ ಸ್ಟೀಲ್ ಗಿಟಾರನ್ನು ಇವರ ಕೈಗೆ ಒಪ್ಪಿಸಿದರು. ಅದು ನಾಲ್ಕು ಕಾಲಿನ ಮೇಲೆ ಮೇಜಿನ ಹಾಗೆ ನಿಲ್ಲುತ್ತದೆ. ಮೇಲೆ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತ ಬಲಗೈಯಿಂದ ಮೀಟಬೇಕು. ಕೆಳಗಿನ ಪೆಡಲ್‌ಗಳನ್ನು ಎಡಗಾಲಿನಿಂದ ಒತ್ತಿದರೆ ಅಡಿಯ ಕಂಬಿಗಳು ಕೆಲವು ತಂತಿಗಳನ್ನು ಎಳೆದು ಅವುಗಳ ಸ್ವರ ಏರಿಸುತ್ತವೆ, ಉಳಿದವು ಇದ್ದಲ್ಲೇ ಇರುತ್ತವೆ. ಆ ಕಾಲು ಇಲ್ಲದಿದ್ದರೆ ಅದು ಅರ್ಧ ವಾದ್ಯ.

ಮೊದಲು ಔರಂಗಾಬಾದ್ ಅನ್ನುತ್ತಿದ್ದ ಸಂಭಾಜಿನಗರಕ್ಕೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಪ್ಲಾಸ್ಟರ್ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಅವರು ಮೊದಲು ಊರುಗೋಲಿನಿಂದ ಪೆಡಲ್ ಒತ್ತಿ ನೋಡಿದರು. ಆಮೇಲೆ ನನ್ನಿಂದ ಇಟ್ಟಿಗೆ ತರಿಸಿ ಪೆಡಲ್ ಮೇಲೆ ಇಡಿಸಿದರು. ಇಟ್ಟಿಗೆ ಒತ್ತಿತು, ಆದರೆ ಬಿಡಲಿಲ್ಲ.

"ನೀ ಒಂದೀಟು ಕೂಡ್ತೀಯೇನು?" ಅಂದರು.

ನನಗೆ ಸಂಗೀತ ಬರುವುದಿಲ್ಲ. ಬರುವುದಿಲ್ಲ ಅನ್ನುವುದು ನನಗೆ ಎಂದೂ ಕೊರತೆ ಅನಿಸಿರಲಿಲ್ಲ. ಮಣೆ ಹಾಕಿಕೊಂಡು ಅವರ ಎದುರು, ಗಿಟಾರಿನ ಆಚೆ ಬದಿಯಲ್ಲಿ ನೆಲಕ್ಕೆ ಕೂತು, ಎರಡೂ ಕೈಯನ್ನು ಪೆಡಲ್ ಮೇಲಿಟ್ಟೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಕಂಬಿ, ಸ್ಪ್ರಿಂಗು, ಅವರ ಪೈಜಾಮದ ಅಂಚು.

"ಒತ್ತು," ಅನ್ನುತ್ತಿದ್ದರು ಮೇಲಿನಿಂದ. "ಬಿಡು. ಬಿಡು ಅಂದ್ನಲ್ಲ!"

"ನೀವು ಹೇಳಿದ ಮ್ಯಾಲೆ ತಾನೆ ಬಿಡೋದು?"

"ಹೇಳೋದ್ರಾಗ ಸ್ವರ ಮುಗದಿರ್ತದ."

ಹೀಗೆ ನಡೆಯಿತು. ಅವರಿಗೆ ಬೇಕಾದ ಹಾಡುಗಳೊಂದೂ ಕೂಡಿಬರಲಿಲ್ಲ. ನಾವು ವಹಿನಿ ಅನ್ನುವ ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ, ನಿಮ್ಮ ಗಿಟಾರ್ ಕೆಟ್ಟಿದೆಯಾ ಅಂತ ಮರಾಠಿಯಲ್ಲಿ ಕೇಳಿದರು. ಗಿಟಾರ್ ಸರಿಯಾಗಿದೆ, ಕಾಲು ಕೆಟ್ಟಿದೆ ಅಂದೆ.

ಒಂದು ಭಾನುವಾರ ಮನಸ್ಸು ಬೇರೆ ಎಲ್ಲೋ ಇತ್ತು. ಬ್ಯಾಂಕಿನಲ್ಲಿ ಯಾರೋ ಆಡಿದ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅವರು ಒತ್ತು ಅಂದಾಗ ಪೆಡಲನ್ನು ಮೆಲ್ಲಗೆ, ಅರ್ಧಕ್ಕೆ ಇಳಿಸಿ ಹಾಗೇ ಹಿಡಿದುಬಿಟ್ಟೆ. ಸ್ವರ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ, ನಡುವೆ ನಿಂತು ಅಲುಗಾಡಿತು. ಅವರ ಕೈ ನಿಂತಿತು.

"ಏನ್ ಮಾಡ್ದಿ?"

"ಏನೂ ಇಲ್ರಿ. ಕೈ ಸೋತಿತ್ತು."

"ಮತ್ತೊಮ್ಮೆ ಸೋಲಿಸು."

ಅಂದಿನಿಂದ ಅವರು ಒತ್ತು, ಬಿಡು ಅನ್ನುವುದನ್ನು ಬಿಟ್ಟರು. ಒಂದು ಕಾಲು ಮಾಡಲಾರದ್ದನ್ನು ಎರಡು ಕೈ ಮಾಡಬಲ್ಲವು ಅಂತ ನಿಧಾನಕ್ಕೆ ಗೊತ್ತಾಯಿತು. ಒಂದು ಪೆಡಲನ್ನು ಏರಿಸುತ್ತ ಇನ್ನೊಂದನ್ನು ಇಳಿಸಿದರೆ ಎರಡು ಸ್ವರ ಒಂದನ್ನೊಂದು ದಾಟಿಹೋಗುತ್ತಿದ್ದವು. ಅವರು ಒಮ್ಮೆ ಮೀಟಿ ಕೈ ಎತ್ತಿಬಿಡುವರು. ಉಳಿದ ನಾದವನ್ನು ಅದು ಆರುವ ತನಕ ನಾನು ಬಗ್ಗಿಸುತ್ತಿದ್ದೆ. ಕೆಲವು ಸಲ ಚಮಚೆಯಿಂದ ಕಂಬಿಗಳನ್ನು ತಟ್ಟುತ್ತಿದ್ದೆ, ಅದೂ ಮೇಲೆ ಕೇಳುತ್ತಿತ್ತು. ಅವರೊಮ್ಮೆ ಉಕ್ಕಿನ ತುಂಡನ್ನು ಪಕ್ಕಕ್ಕಿಟ್ಟು ಬರೀ ತಂತಿ ಮೀಟುತ್ತ, "ಈಗ ರಾಗ ಎಲ್ಲಾ ನಿಂದ," ಅಂದರು. ಅದು ರಾಗವೋ ಅಲ್ಲವೋ, ನನಗೆ ಕೂತಲ್ಲಿಂದ ಏಳುವ ಮನಸ್ಸಾಗಲಿಲ್ಲ ಅನ್ನುವುದು ನಿಜ.

ಆಮೇಲೆ ಒಂದು ದಿನ ಅವರು ನಾಸಿಕದ ಆ ಹಿರಿಯರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಅಡಿಗೆಮನೆಗೆ ಕೇಳಿಸಿತು. ಹಿಂದಿಯಲ್ಲಿ ಹೇಳುತ್ತಿದ್ದರು: ನಾನೊಂದು ಹೊಸ ಪದ್ಧತಿ ಕಂಡುಹಿಡಿದಿದ್ದೇನೆ, ನಾನು ಹೀಗೆ ಮಾಡುತ್ತೇನೆ, ನಾನು ಹಾಗೆ ಮಾಡುತ್ತೇನೆ. ನಾನು ಚಪಾತಿ ಲಟ್ಟಿಸುತ್ತಿದ್ದೆ, ಲಟ್ಟಿಸಿ ಮುಗಿಸಿದೆ. ಸಂಜೆ ಮಣೆಯನ್ನು ಗಿಟಾರಿನ ಹತ್ತಿರ ಇಡಲಿಲ್ಲ.

"ಬರಂಗಿಲ್ಲೇನು?"

"ನೀವೇ ಮಾಡ್ರಿ. ನಿಮ್ಮ ಪದ್ಧತಿ ಅಲ್ಲೇನು?"

ಕೆಲವು ದಿನ ಇಟ್ಟಿಗೆ ಮತ್ತೆ ಪೆಡಲಿನ ಮೇಲೆ ಬಂತು. ನಾನು ಬ್ಯಾಂಕಿಗೆ ಹೋದೆ, ಬಂದೆ. ಜಗಳ ಅಂತ ಏನೂ ಆಗಲಿಲ್ಲ. ಕೊನೆಗೆ ಅವರು ಊರುಗೋಲು ಊರಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, "ಅವರಿಗೆ ಫೋನ್ ಮಾಡಿ ಹೇಳೀನಿ. ನಾನು ಅಲ್ಲ, ನಾವು ಅಂತ," ಅಂದರು.

"ಅವರೇನಂದ್ರು?"

"ಇಬ್ಬರೂ ಕೂಡಿ ಬಂದು ಕೇಳಸ್ರಿ ಅಂದ್ರು."

ಹೋದೆವು. ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿಯಾಗಿತ್ತು, ಆದರೆ ಗಿಣ್ಣು ಬಿಗಿಯಾಗಿ ಉಳಿದಿತ್ತು. ಗಿಟಾರಿನ ಕಾಲು ಕಳಚಿ ಬಾಡಿಗೆ ಕಾರಿನ ಹಿಂದೆ ಇಟ್ಟುಕೊಂಡು ನಾಸಿಕಕ್ಕೆ ಹೋಗಿ, ಅವರ ಮನೆಯ ಹಾಲಿನಲ್ಲಿ ಜೋಡಿಸಿದೆವು. ಹಿರಿಯರು ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತಿದ್ದರು. ನಾನು ಸೀರೆಯ ನಿರಿಗೆ ಒತ್ತಿಕೊಂಡು ನೆಲಕ್ಕೆ ಕೂತಾಗ ಅವರಿಗೆ ಸಂಕೋಚವಾಗಿ, ಕುರ್ಚಿ ತರಿಸುತ್ತೇನೆ ಅಂದರು. ಬೇಡ, ಇದೇ ನನ್ನ ಜಾಗ ಅಂದೆ. ನುಡಿಸಿದೆವು. ಬಹಳ ಹೊತ್ತು ಸ್ವರಗಳು ಒಂದರಿಂದ ಇನ್ನೊಂದಕ್ಕೆ ಹರಿದವು, ತಾಳ ಇರಲಿಲ್ಲ. ಮುಗಿದಾಗ ಹಿರಿಯರು ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಅಂದುಕೊಂಡೆ.

"ನಾನು ಕೊಟ್ಟ ವಾದ್ಯ ಇದಲ್ಲ," ಅಂದರು ಹಿಂದಿಯಲ್ಲಿ, ಕಣ್ಣು ತೆರೆಯದೆ. ಸಿಟ್ಟು ಇರಲಿಲ್ಲ ದನಿಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ, ಹಡಗಿನಲ್ಲಿ ತಾವು ನುಡಿಸುತ್ತಿದ್ದ ಒಂದು ಕುಣಿತದ ಧಾಟಿಯನ್ನು ಕೇಳಿಸು ಅಂದರು. ನನ್ನ ಗಂಡ ತಮ್ಮ ಕಾಲಿನಿಂದಲೇ ನುಡಿಸಿದರು. ಪೆಡಲ್ ತಡವಾಗಿ ಬೀಳುತ್ತಿತ್ತು. ಹಿರಿಯರು ಅದಕ್ಕೆ ಬೆರಳಿನಿಂದ ತಾಳ ಹಾಕಿದರು, ತಪ್ಪಿದಲ್ಲೂ ಹಾಕಿದರು.

ವಾಪಸು ಬರುವಾಗ ಗಂಗಾಪುರದ ಹತ್ತಿರ ಚಹಾಕ್ಕೆ ನಿಂತೆವು.

"ಅವರಿಗೆ ಸೇರಲಿಲ್ಲ," ಅಂದರು ನನ್ನ ಗಂಡ.

"ಸೇರಲೇಬೇಕಂತ ಎಲ್ಲಿ ಅದ? ನಿಮಗ ಸೇರ್ತದೋ ಇಲ್ಲೋ ಹೇಳ್ರಿ."

ಅವರು ಗ್ಲಾಸು ಖಾಲಿ ಮಾಡಿದರು.

ಉತ್ತರ ಬಂದದ್ದು ಮುಂದಿನ ತಿಂಗಳು. ನೆಲಕ್ಕೆ ಕೂತೆದ್ದು ನನ್ನ ಮೊಣಕಾಲು ನೋಯತೊಡಗಿತ್ತು. ಅವರು ವರ್ಕ್‌ಶಾಪಿಗೆ ಹೋಗಿ, ಗಿಟಾರಿನ ಮರದ ಚೌಕಟ್ಟಿಗೆ ನನ್ನ ಬದಿಯಿಂದ ತೂತು ಕೊರೆಸಿ, ಕಂಬಿಗಳಿಗೆ ಕೈ ಹಿಡಿಕೆ ಹಾಕಿಸಿಕೊಂಡು ಬಂದರು. ಕಾಲಿನ ಪೆಡಲ್‌ಗಳನ್ನು ಬಿಚ್ಚಿಸಿಬಿಟ್ಟಿದ್ದರು. ಇನ್ನು ಅದನ್ನು ಯಾರೂ ಒಬ್ಬರೇ ನುಡಿಸುವಂತಿಲ್ಲ. ನನಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಬೇರೆಯವರು ನಂಬಿ ಕೊಟ್ಟ ವಸ್ತು ಅದು. ಹಿರಿಯರಿಗೆ ಹೇಳಿದಿರೇನು ಅಂದೆ. ಹೇಳಿದ್ದೇನೆ, ಕೇಳಿ ಫೋನ್ ಇಟ್ಟರು ಅಂದರು.

ಈಗ ನಾನು ಕುರ್ಚಿಯ ಮೇಲೆ ಅವರಿಗೆ ಎದುರಾಗಿ ಕೂರುತ್ತೇನೆ, ಭಾನುವಾರ ತಿಂಡಿ ಆದ ಮೇಲೆ. ಅವರ ಮುಖ ಕಾಣುತ್ತದೆ. ನುಡಿಸುವಾಗ ಅವರು ಕೆಳದುಟಿ ಕಚ್ಚುತ್ತಾರೆ ಅನ್ನುವುದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.