ಖಾಲಿ ಸ್ಟ್ರಿಪ್ಪು ಓದುವ ಮಾತ್ರೆ ಅಕ್ಕ

ಬೆಳಗಿನ ಐದೂ ಮುಕ್ಕಾಲು. ನಾಲ್ಕನೆಯ ಮಹಡಿಯ ಮನೆಯೊಂದರ ಅಡುಗೆಕೋಣೆ. ಮೇಜಿನ ಮೇಲಿದ್ದ ಹಾಲಿನ ಪಾತ್ರೆ, ಬೆಂಕಿಪೊಟ್ಟಣ, ಮಕ್ಕಳ ನೋಟುಪುಸ್ತಕಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಆಕೆ ಒಂದಿಷ್ಟು ಜಾಗ ಮಾಡಿಕೊಳ್ಳುತ್ತಾರೆ. ಲಿಫ್ಟ್ ಕೆಟ್ಟು ಕೂತಿದ್ದರಿಂದ ಎಪ್ಪತ್ತೆರಡು ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ತಹಬಂದಿಗೆ ಬಂದಿಲ್ಲ. ಮನೆಯ ಯಜಮಾನರು ಬಸ್ ಕಂಡಕ್ಟರ್. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ಮುಂದಿಡುತ್ತಾರೆ.

"ಆರೂವರೆಗೆ ಡಿಪೋದಲ್ಲಿರಬೇಕು ಅಕ್ಕ. ಸ್ವಲ್ಪ ಬೇಗ ಎಣಿಸಿಬಿಡಿ."

"ನೀವು ಸರಿಯಾಗಿ ನುಂಗಿದ್ರೆ ಎಣಿಸೋಕೇನು ಉಳಿದಿರುತ್ತೆ? ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ."

ಕಂಡಕ್ಟರ್ ಪೆಚ್ಚುನಗೆ ನಗುತ್ತಾರೆ. ಉಳಿದಿರುವುದು ಮೂವತ್ತೊಂದು ಮಾತ್ರೆ. ಲೆಕ್ಕದಂತೆ ಒಂದೂ ಉಳಿಯಬಾರದಿತ್ತು. ಆಕೆ ಹುಬ್ಬು ಗಂಟಿಕ್ಕುವುದಿಲ್ಲ, ಬೈಯುವುದಿಲ್ಲ. ಹಾಳೆಯ ಮೇಲೆ ಸಂಖ್ಯೆ ಬರೆದು, ಮುಂದಿನ ಮೂರು ತಿಂಗಳ ಒಂಬತ್ತು ಸ್ಟ್ರಿಪ್ಪು ಎಣಿಸಿ ಕೊಟ್ಟು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾರೆ.

ಇವರಿಗೆ ಈಗ ಐವತ್ನಾಲ್ಕು ವರ್ಷ. ದೊಡ್ಡಾಸ್ಪತ್ರೆಯ ಹೃದಯ ವಿಭಾಗದ ಪರವಾಗಿ ಮನೆಮನೆಗೆ ಹೋಗಿ ಕೊಲೆಸ್ಟ್ರಾಲ್ ಮಾತ್ರೆ ಎಣಿಸುವುದು ಇವರ ಕೆಲಸ. ಹಾಜರಿ ಪುಸ್ತಕದಲ್ಲಿ ಇವರ ಹುದ್ದೆಗೆ ಉದ್ದದ ಹೆಸರೊಂದಿದೆ. ಬೀದಿಗಳಲ್ಲಿ ಎಲ್ಲರೂ ಕರೆಯುವುದು ಮಾತ್ರೆ ಅಕ್ಕ ಎಂದೇ.

ಆಸ್ಪತ್ರೆಯವರಿಗೆ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ಕೊಲೆಸ್ಟ್ರಾಲ್ ಹೆಚ್ಚಿದ್ದರೆ ನೋವಿಲ್ಲ, ಜ್ವರವಿಲ್ಲ. ಹಾಗಾಗಿ ಜನ ಮೂರ್ನಾಲ್ಕು ತಿಂಗಳು ಮಾತ್ರೆ ನುಂಗಿ, ಆಮೇಲೆ ಕೈಬಿಡುತ್ತಾರೆ. ರಕ್ತದ ಹನಿಯಿಂದ ವಂಶವಾಹಿ ಪರೀಕ್ಷೆ ಮಾಡಿ, 'ಹೃದಯಾಘಾತದ ಅಪಾಯ ನಿಮಗೆ ಹುಟ್ಟಿನಿಂದಲೇ ಇಷ್ಟಿದೆ' ಎಂದು ಕಾಗದದಲ್ಲಿ ಬರೆದು ಕೊಟ್ಟರೆ ಬಿಡದೆ ನುಂಗುತ್ತಾರೆಯೇ? ಮುನ್ನೂರ ನಲವತ್ತು ರೋಗಿಗಳನ್ನು ಆರಿಸಿ, ಅರ್ಧ ಜನಕ್ಕೆ ಆ ಕಾಗದ ಕೊಟ್ಟರು. ಉಳಿದರ್ಧಕ್ಕೆ ಕೊಡಲಿಲ್ಲ. ಯಾರ ಮನೆಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಎಂದು ನೋಡಿ ಬರಲು ಒಬ್ಬರು ಬೇಕಿತ್ತು.

ಮಾತ್ರೆ ಅಕ್ಕ ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಔಷಧಿ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತವರು. ಮಾಲೀಕರು ತೀರಿಕೊಂಡು ಅಂಗಡಿ ಬಾಗಿಲು ಹಾಕಿದಾಗ ಕೈಯಲ್ಲಿ ಕೆಲಸವಿರಲಿಲ್ಲ. ಮನೆಯಲ್ಲಿ ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಗಂಡ ಕಣ್ಣು ಮಂಜಾಗಿ ಕೆಲಸ ಬಿಟ್ಟು ಕೂತಿದ್ದರು. ಆಸ್ಪತ್ರೆಯ ಈ ಕೆಲಸ ಸಿಕ್ಕಿದ್ದು ಹಾಗೆ. ದಿನಕ್ಕೆ ಹತ್ತು ಮನೆ, ಒಮ್ಮೊಮ್ಮೆ ಹನ್ನೊಂದು. ಜನ ಕೆಲಸಕ್ಕೆ ಹೊರಡುವ ಮುಂಚೆಯೇ ಹಿಡಿಯಬೇಕಾದ್ದರಿಂದ ಐದು ಗಂಟೆಗೇ ಮನೆ ಬಿಡುತ್ತಾರೆ.

"ನೀನು ಹತ್ತೋ ಮೆಟ್ಟಿಲಿನ ಲೆಕ್ಕ ಕೇಳಿದ್ರೆ ನನ್ನ ಕಸುಬಿಗೇ ಅವಮಾನ ಆಗುತ್ತೆ ಕಣೇ," ಎಂದು ಗಂಡ ರೇಗಿಸುತ್ತಾರೆ. "ನಾನು ರಿಪೇರಿ ಮಾಡ್ತಿದ್ದಾಗ ಈ ಊರಲ್ಲಿ ಒಂದು ಲಿಫ್ಟೂ ಹೀಗೆ ಮುಷ್ಕರ ಹೂಡ್ತಿರಲಿಲ್ಲ."

ಕೆಲಸಕ್ಕೆ ಸೇರಿದ ದಿನವೇ, ಈ ಅಧ್ಯಯನ ನಡೆಸುವ ಡಾಕ್ಟರಮ್ಮ ಒಂದು ನಿಯಮ ಹೇಳಿದ್ದರು. ಎಣಿಸಿ, ಕೇಳಿ, ಬರೆಯಿರಿ. ಬುದ್ಧಿ ಹೇಳಬೇಡಿ. ಮಾತ್ರೆ ಅಕ್ಕ ಬುದ್ಧಿ ಹೇಳಿದ್ದರಿಂದ ರೋಗಿ ಮಾತ್ರೆ ನುಂಗಿದರೆ, ಕಾಗದದಿಂದ ಏನಾಯಿತೆಂದು ಗೊತ್ತಾಗುವುದು ಹೇಗೆ? "ಮಾತು ನ್ಯಾಯವಾಗಿಯೇ ಇತ್ತು," ಎನ್ನುತ್ತಾರೆ ಆಕೆ. "ಅಂಗಡೀಲಿ ಇದ್ದಾಗ ಗಿರಾಕಿಗಳಿಗೆ ಬೇಡ ಅಂದ್ರೂ ನಾಲ್ಕು ಮಾತು ಹೇಳ್ತಿದ್ದೆ. ಇಲ್ಲಿ ತುಟಿ ಹೊಲ್ಕೊಂಡು ಕೂರೋದು ಕಲಿಯೋಕೇ ಆರು ತಿಂಗಳು ಹಿಡೀತು."

ಕಾಗದ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಗೆ. ಅಪಾಯ ಕಡಿಮೆ ಎಂದು ಬಂದ ಶಾಲೆಯ ಗುಮಾಸ್ತೆಯೊಬ್ಬರು "ಪಾಸಾಗಿಬಿಟ್ಟೆ ಅಕ್ಕ" ಎಂದು ಮಾರನೆಯ ದಿನವೇ ಮಾತ್ರೆ ನಿಲ್ಲಿಸಿದರು. ಅವರ ಕೊಲೆಸ್ಟ್ರಾಲ್ ಮಾತ್ರ ಇದ್ದಷ್ಟೇ ಇತ್ತು. ಅಪಾಯ ಹೆಚ್ಚು ಎಂದು ಬಂದ ಅಜ್ಜಿಯೊಬ್ಬರು ಹೆದರಿ ದಿನಕ್ಕೆರಡು ನುಂಗತೊಡಗಿದ್ದರು. ಇನ್ನು ಕೆಲವರು ಮಾತ್ರೆ ಅಕ್ಕ ಬರುವ ಹಿಂದಿನ ದಿನ ಕೂತು ಒಂದೇ ಸಮನೆ ಮಾತ್ರೆಗಳನ್ನು ಒಡೆದು ಕಸಕ್ಕೆ ಸುರಿದು, ಖಾಲಿ ಸ್ಟ್ರಿಪ್ಪು ತೋರಿಸುತ್ತಾರೆ. ಆಕೆಯ ಕಣ್ಣು ತಪ್ಪಿಸುವುದು ಸುಲಭವಲ್ಲ.

"ದಿನಕ್ಕೊಂದು ತೆಗೆದ ಸ್ಟ್ರಿಪ್ಪು ಮಾಸಿರುತ್ತೆ, ಮೂಲೆ ಮಡಚಿರುತ್ತೆ, ಡಬ್ಬೀಲಿ ಉರುಳಾಡಿರುತ್ತೆ. ಒಂದೇ ದಿನ ಒಡೆದದ್ದು ಫಳಫಳ ಅಂತಿರುತ್ತೆ. ಹತ್ತೂ ತೂತು ಒಂದೇ ಥರ ಇರುತ್ತೆ, ಒಂದೇ ಬೆರಳು, ಒಂದೇ ಅವಸರ. ನೋಡಿದ ತಕ್ಷಣ ಗೊತ್ತಾಗುತ್ತೆ."

ಬೀಗ ರಿಪೇರಿ ಮಾಡುವ ಒಬ್ಬರ ಮನೆಯಲ್ಲಿ ಐದನೆಯ ಭೇಟಿಗೆ ಆಕೆ ಕಂಡದ್ದು ಅಂಥವೇ ಒಂಬತ್ತು ಸ್ಟ್ರಿಪ್ಪುಗಳನ್ನು.

ಬೀಗದಣ್ಣನಿಗೆ ಆಗ ನಲವತ್ತಾರು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅರ್ಧ ಬಾಗಿಲಿನಷ್ಟಗಲದ ಅಂಗಡಿ. ನೂರರಲ್ಲಿ ತೊಂಬತ್ನಾಲ್ಕು ಜನಕ್ಕಿಂತ ಹೆಚ್ಚಿನ ಅಪಾಯ ಎಂದು ಅವರ ಕಾಗದದಲ್ಲಿ ಬಂದಿತ್ತು. ಮೊದಲ ಎರಡು ಭೇಟಿಯಲ್ಲಿ ಒಂದು ಮಾತ್ರೆಯೂ ಉಳಿದಿರಲಿಲ್ಲ. ಮೂರನೆಯದರಲ್ಲಿ ಹತ್ತೊಂಬತ್ತು, ನಾಲ್ಕನೆಯದರಲ್ಲಿ ಅರವತ್ತು ಉಳಿದವು. ಐದನೆಯ ಸಲ ಎಲ್ಲ ಖಾಲಿ, ಎಲ್ಲ ಫಳಫಳ. ಮಾತ್ರೆ ಅಕ್ಕ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಸುಮ್ಮನೆ ಅವರ ಮುಖ ನೋಡಿದರು. ಬೀಗದಣ್ಣ ಗೊಳ್ಳನೆ ನಕ್ಕರು.

"ಸಿಕ್ಕಿಬಿದ್ದೆ ಬಿಡಿ."

"ಯಾಕೆ ನಿಲ್ಲಿಸಿದ್ರಿ?" ಹಾಳೆಯಲ್ಲಿದ್ದ ಪ್ರಶ್ನೆ ಅದೊಂದೇ. ಅಷ್ಟನ್ನೇ ಕೇಳಿದರು.

"ನಮ್ಮಪ್ಪ ನಲವತ್ತೆಂಟಕ್ಕೆ ಹೋದ್ರು. ಚಿಕ್ಕಪ್ಪ ಐವತ್ತು ತುಂಬಿಸ್ಲಿಲ್ಲ. ಮೊದಮೊದಲು ಆ ಕಾಗದ ನೋಡಿ ಭಯ ಆಯ್ತು, ನುಂಗಿದೆ. ಆಮೇಲೆ ದಿನಾ ಮಾತ್ರೆ ಕೈಗೆ ತಗೊಂಡಾಗೆಲ್ಲ ಅಪ್ಪನ ಹೆಣ ಕಣ್ಮುಂದೆ ಬರೋದು. ರಕ್ತದಲ್ಲೇ ಬರೆದಿಟ್ಟಿದ್ದಾರೆ ಅಂದಮೇಲೆ ಈ ಚೋಟು ಮಾತ್ರೆ ಏನು ಅಳಿಸುತ್ತೆ ಅಕ್ಕ? ಕೀಲಿ ಒಳಗೇ ಮುರ್ಕೊಂಡಿದ್ರೆ ಹೊರಗಿಂದ ಎಷ್ಟು ತಿರುಗಿಸಿದ್ರೂ ಅಷ್ಟೇ."

ಮುರಿದ ಕೀಲಿ ತೆಗೆಯೋದೇ ನಿಮ್ಮ ಕಸುಬಲ್ವಾ ಅಣ್ಣ? ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮಂಥವರಿಗೇ ಈ ಮಾತ್ರೆ ಹೆಚ್ಚು ಉಪಯೋಗಕ್ಕೆ ಬರುತ್ತೆ ಎಂದು ಡಾಕ್ಟರಮ್ಮ ತರಬೇತಿಯಲ್ಲಿ ಹೇಳಿದ್ದೂ ನೆನಪಿತ್ತು. ಮಾತ್ರೆ ಅಕ್ಕ ಎರಡೂ ಮಾತನ್ನು ನುಂಗಿಕೊಂಡರು. ಹಾಳೆಯ ಕೊನೆಯಲ್ಲಿ 'ನಿಲ್ಲಿಸಿದ್ದಾರೆ. ಉಪಯೋಗವಿಲ್ಲವೆಂದು ನಂಬಿದ್ದಾರೆ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. ಹೊಸ ಒಂಬತ್ತು ಸ್ಟ್ರಿಪ್ಪು ಕೊಟ್ಟು ಎದ್ದರು. ಹಾಳೆ ಆಸ್ಪತ್ರೆಯ ಕಡತ ಸೇರಿತು. ಆ ಕಡತಗಳನ್ನು ಯಾರಾದರೂ ತೆಗೆದು ಓದುತ್ತಿದ್ದದ್ದು ಆರು ತಿಂಗಳಿಗೊಮ್ಮೆ.

ಆರನೆಯ ಭೇಟಿಗೆ ಹೋದಾಗ ಬಾಗಿಲು ತೆರೆದದ್ದು ಬೀಗದಣ್ಣನ ಹೆಂಡತಿ. ಮೂರು ವಾರದ ಹಿಂದೆ, ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಕುಸಿದು ಬಿದ್ದರಂತೆ. ಪಕ್ಕದ ಅಂಗಡಿಯವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಂಡತಿ ಒಳಗೆ ಹೋಗಿ ಒಂಬತ್ತು ಸ್ಟ್ರಿಪ್ಪು ತಂದು ಮೇಜಿನ ಮೇಲಿಟ್ಟರು. ಒಂದೂ ಒಡೆದಿರಲಿಲ್ಲ.

"ಎಣಿಸ್ಕೊಳ್ಳಿ ಅಕ್ಕ. ನಿಮ್ಮ ಕೆಲಸ ಅಲ್ವಾ?"

ಅದರಲ್ಲಿ ಕುಹಕವಿರಲಿಲ್ಲ ಎನ್ನುತ್ತಾರೆ ಮಾತ್ರೆ ಅಕ್ಕ. ಆ ಹೆಣ್ಣುಮಗಳಿಗೆ ಬೇರೆ ಏನು ಹೇಳಬೇಕೆಂದು ತೋಚಿರಲಿಲ್ಲ, ಅಷ್ಟೇ. ಮಾತ್ರೆ ಅಕ್ಕ ಎಣಿಸಿದರು. ಲೆಕ್ಕ ತಪ್ಪಿತು. ಮತ್ತೆ ಎಣಿಸಿದರು. ತೊಂಬತ್ತು.

"ಅವರು ನಿಲ್ಲಿಸಿದ್ದು ನಿಮಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತಮ್ಮ."

"ನನಗೆ ಗೊತ್ತಿರಲಿಲ್ಲ," ಎಂದರು ಬೀಗದಣ್ಣನ ಹೆಂಡತಿ. "ಒಂದು ಮಾತು ಹೇಳಬಹುದಿತ್ತು ಅಕ್ಕ."

ಆ ದಿನ ಉಳಿದ ಏಳು ಮನೆಗೆ ಮಾತ್ರೆ ಅಕ್ಕ ಹೋಗಲಿಲ್ಲ. ನಾಲ್ಕು ವರ್ಷದಲ್ಲಿ ಹಾಗೆ ತಪ್ಪಿಸಿದ್ದು ಅದೊಂದೇ ದಿನ. ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ, ಎರಡು ಗೆರೆ ಎಳೆದಿದ್ದ ಹಾಳೆಯನ್ನು ಕಡತದಿಂದ ತೆಗೆಸಿ ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು. "ನಿಮ್ಮ ತಪ್ಪಲ್ಲ," ಎಂದರು. "ನೀವು ಹೇಳಿದ್ರೂ ಅವರು ನುಂಗ್ತಿದ್ರು ಅಂತ ಹೇಳೋಕಾಗಲ್ಲ. ನುಂಗಿದ್ರೂ ಉಳೀತಿದ್ರು ಅಂತ ಹೇಳೋಕಾಗಲ್ಲ."

"ಇರಬಹುದು ಡಾಕ್ಟ್ರೇ. ಹೇಳಿದ್ರೆ ಏನಾಗ್ತಿತ್ತು ಅಂತ ನನಗಿನ್ನು ಗೊತ್ತಾಗೋ ಹಾಗೇ ಇಲ್ವಲ್ಲ."

ಅದಾದ ಮೇಲೆ ನಿಯಮಕ್ಕೆ ಒಂದು ಸಾಲು ಸೇರಿತು. ಯಾರಾದರೂ ಮಾತ್ರೆ ನಿಲ್ಲಿಸಿದ್ದು ಕಂಡರೆ ಅವರನ್ನು ನೋಡುವ ವೈದ್ಯರಿಗೆ ಏಳು ದಿನದೊಳಗೆ ತಿಳಿಸಬೇಕು. ಎಣಿಸಲು ಹೋದವರು ಬುದ್ಧಿ ಹೇಳುವ ಹಾಗೆ ಈಗಲೂ ಇಲ್ಲ. ಮಾತ್ರೆ ಅಕ್ಕ ಅಂಥ ಹಾಳೆಯನ್ನು ಕಡತಕ್ಕೆ ಹಾಕುವುದಿಲ್ಲ. ತಾವೇ ಒಯ್ದು, ವೈದ್ಯರು ಓದಿ ಸಹಿ ಹಾಕುವವರೆಗೆ ಬಾಗಿಲಲ್ಲೇ ನಿಲ್ಲುತ್ತಾರೆ. ಈವರೆಗೆ ಹಾಗೆ ಒಯ್ದದ್ದು ಮೂವತ್ತೆಂಟು ಹಾಳೆ. ಆ ರೋಗಿಗಳಲ್ಲಿ ಹದಿನೈದು ಜನ ಮತ್ತೆ ಮಾತ್ರೆ ಹಿಡಿದಿದ್ದಾರೆ. ಉಳಿದವರು ಹೂಂ ಅಂದರು, ಹಿಡಿಯಲಿಲ್ಲ.

ಬೀಗದಣ್ಣನ ಹೆಂಡತಿ ಒಮ್ಮೆ ಫೋನ್ ಮಾಡಿದ್ದರು. ಹತ್ತೊಂಬತ್ತರ ಮಗಳಿಗೂ ಆ ಪರೀಕ್ಷೆ ಮಾಡಿಸಬೇಕೋ ಬೇಡವೋ ಎಂದು ಕೇಳಲು. ಆ ಮನೆ ಈಗ ಪಟ್ಟಿಯಲ್ಲಿಲ್ಲದ್ದರಿಂದ ಮಾತಾಡಲು ಅಡ್ಡಿಯಿರಲಿಲ್ಲ. ಕಾಗದ ಬೇಕೋ ಬೇಡವೋ ಡಾಕ್ಟರಮ್ಮನನ್ನು ಕೇಳಿ, ಕೊಲೆಸ್ಟ್ರಾಲನ್ನಂತೂ ಇವತ್ತೇ ನೋಡಿಸಿ, ನಾನೂ ಜೊತೆಗೆ ಬರ್ತೀನಿ ಎಂದರು ಮಾತ್ರೆ ಅಕ್ಕ. ತಾಯಿ ಮಗಳು ಬರಲಿಲ್ಲ. ಎರಡು ಸಲ ಮನೆಗೆ ಹೋದರೂ ಬಾಗಿಲು ತೆರೆಯಲಿಲ್ಲ. ಒಳಗೆ ನಲ್ಲಿಯ ಸದ್ದು ಕೇಳುತ್ತಿತ್ತು.

ಕೊನೆಯ ಕೆಲವು ಮನೆ ಬಿಟ್ಟರೆ ಲೆಕ್ಕವೆಲ್ಲ ಈಗ ಕೂಡಿಸಿ ಆಗಿದೆ. ಕಾಗದ ಪಡೆದವರು ಮೊದಲ ಆರು ತಿಂಗಳು ಉಳಿದವರಿಗಿಂತ ಚೆನ್ನಾಗಿಯೇ ಮಾತ್ರೆ ನುಂಗಿದರು. ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಪರೀಕ್ಷೆಯಿಂದ ಪ್ರಯೋಜನವಿಲ್ಲವೇ ಎಂದರೆ ಮಾತ್ರೆ ಅಕ್ಕ ಹಾಗೆನ್ನುವುದಿಲ್ಲ. "ಕೆಲವರಿಗೆ ಇದೆ. ಕಾಗದ ಕೊಟ್ಟ ದಿನ ಎಲ್ಲರೂ ಅದನ್ನ ಓದ್ತಾರೆ. ಇನ್ನೂರನೇ ದಿನ ಯಾರು ಓದ್ತಾರೆ? ಆವತ್ತು ಪಕ್ಕದಲ್ಲಿ ಕೂತು ಅದರ ಅರ್ಥ ಹೇಳೋರು ಯಾರಾದ್ರೂ ಇರಬೇಕಿತ್ತು. ನಾನು ಕೂತಿದ್ದೆ. ಹೇಳೋ ಹಾಗಿರಲಿಲ್ಲ."

ಮುಂದಿನ ತಿಂಗಳಿಗೆ ಅಧ್ಯಯನ ಮುಗಿಯುತ್ತದೆ, ಅದರೊಂದಿಗೆ ಆಕೆಯ ಕೆಲಸವೂ. ಡಾಕ್ಟರುಗಳು ವರದಿ ಬರೆಯುತ್ತಿದ್ದಾರೆ. ಅದರಲ್ಲಿ ಏಳು ಜನರ ಹೆಸರಿರುತ್ತದೆ, ಮಾತ್ರೆ ಅಕ್ಕನದಿಲ್ಲ. ಕರಡು ಪ್ರತಿಯನ್ನು ಕಚೇರಿಯಲ್ಲಿ ಕೂತು ಒಂದೊಂದೇ ಸಂಖ್ಯೆಯ ಮೇಲೆ ಬೆರಳಿಟ್ಟು ಓದಿದ್ದಾರೆ. ತಮ್ಮ ಹೆಸರಿಲ್ಲದ್ದಕ್ಕೆ ಬೇಸರವಿಲ್ಲವೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ನನ್ನ ಹೆಸರು ಹಾಕಿ ಏನಾಗಬೇಕು? ನಂದು ಬೇರೆ ಒಂದು ಕೋರಿಕೆ ಇದೆ, ಡಾಕ್ಟರಮ್ಮನಿಗೂ ಹೇಳಿದ್ದೀನಿ. ಅದರಲ್ಲಿ 'ಮಧ್ಯದಲ್ಲಿ ಬಿಟ್ಟು ಹೋದವರು, ಹನ್ನೊಂದು' ಅಂತ ಒಂದು ಸಾಲಿದೆ. ಊರು ಬಿಟ್ಟೋರು, ಬೇಡ ಅಂದೋರು, ಎಲ್ಲರನ್ನೂ ಅದಕ್ಕೇ ಸೇರಿಸಿದ್ದಾರೆ. ಬೀಗದಣ್ಣನನ್ನೂ. ಅವರು ಬಿಟ್ಟು ಹೋಗಲಿಲ್ಲ, ಸತ್ತು ಹೋದ್ರು. ಆ ಸಾಲಲ್ಲಿ ಹತ್ತು ಅಂತ ಮಾಡಿ, ಅವರದ್ದನ್ನ ಬೇರೆ ಬರೀಲಿ. ಅಷ್ಟು ಮಾಡಿದ್ರೆ ಸಾಕು."