ಫ್ರೆಂಚ್ ಬ್ರೆಡ್ಡಿನ ಪರೀಕ್ಷೆ

ಅರ್ಧ ಕಿಲೋ ಮೈದಾಹಿಟ್ಟು ಒಬ್ಬ ಮನುಷ್ಯನನ್ನು ಇಷ್ಟು ಅವಮಾನ ಮಾಡಬಲ್ಲದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಮಧ್ಯಾಹ್ನದ ಊಟ ಮುಗಿಸಿ ತೂಕಡಿಸುವ ಐವತ್ತು ಮಕ್ಕಳಿಂದ ಷಟ್ಪದಿಯ ಮಾತ್ರೆ ಲೆಕ್ಕ ಹಾಕಿಸಿದ್ದೇನೆ. ಅಂಥವಳು ಕಳೆದ ತಿಂಗಳು ಸ್ವಂತ ಅಡುಗೆಮನೆಯಲ್ಲಿ ಬಾಯಿ ತೆರೆದುಕೊಂಡು ನಿಂತದ್ದು ಒಂದೆರಡು ಸಲವಲ್ಲ. ಈ ವಯಸ್ಸಿನಲ್ಲಿ ಇಷ್ಟೊಂದು ಗಾಬರಿ ಒಳ್ಳೆಯದಲ್ಲ ಎಂದು ನನಗೂ ಗೊತ್ತು, ಆದರೆ ಹಿಟ್ಟಿಗೆ ಅದು ಗೊತ್ತಿರಬೇಕಲ್ಲ.

ನಡೆದದ್ದು ಇಷ್ಟು. ಗಡಿನಾಡಿನ ನಮ್ಮ ಮಂಗಲ್ಪಾಡಿಯಲ್ಲಿ ನೆರೆಕರೆಯ ಹೆಂಗಸರ ಸಂಘವೊಂದಿದೆ. ಅಯಲ್‌ಕೂಟ ಎನ್ನುತ್ತೇವೆ. ಹೆಸರು ಸರಕಾರದ ಮಲಯಾಳದಿಂದ ಬಂದದ್ದು, ಒಳಗೆ ನಡೆಯುವ ಮಾತು ಮಾತ್ರ ತುಳು, ಬ್ಯಾರಿ, ಕನ್ನಡ ಎಲ್ಲ ಕಲಸಿದ್ದು. ಈಗೀಗ ಅಲ್ಲಿ ಹೆಚ್ಚಿನವರು ಮನೆಯಲ್ಲೇ ಕೇಕ್ ಮಾಡಿ ಮಾರುವವರು. ಅವರೆಲ್ಲರ ಗುರು ಸಫಿಯಾ. ಉಪ್ಪಳದಿಂದ ನಾಯ್ಮಾರ್ಮೂಲೆಯ ತನಕ ಯಾರ ಮನೆಯಲ್ಲಿ ಮದುವೆಯಾದರೂ ಅವಳ ಮೂರು ಅಂತಸ್ತಿನ ಕೇಕು ಕಾರಿನಲ್ಲಿ ಕುಲುಕದ ಹಾಗೆ ಹೋಗುತ್ತದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಕ್ಲಾಸು ಕೂಡ ನಡೆಸುತ್ತಾಳೆ. ಇಷ್ಟು ಹೇಳಿದ ಮೇಲೆ ಇನ್ನೊಂದು ಸಂಗತಿ ಹೇಳದೆ ನಿರ್ವಾಹವಿಲ್ಲ. ಈ ಸಫಿಯಾ ನನ್ನ ಶಿಷ್ಯೆ.

ಒಂದು ಆದಿತ್ಯವಾರ ಕೂಟದಲ್ಲಿ ಅವಳು ಹೇಳಿದಳು: "ಕೇಕಿನಲ್ಲಿ ಎಂತ ತಪ್ಪಾದ್ರೂ ಮೇಲೆ ಕ್ರೀಮ್ ಹಚ್ಚಿದ್ರೆ ಮುಚ್ಚಿ ಹೋಗ್ತದೆ. ಫ್ರೆಂಚ್ ಬ್ರೆಡ್ಡಿನಲ್ಲಿ ಮುಚ್ಚಲಿಕ್ಕೆ ಎಂತದ್ದೂ ಇಲ್ಲ. ಹಿಟ್ಟು, ನೀರು, ಉಪ್ಪು, ಯೀಸ್ಟ್, ಅಷ್ಟೇ. ಯಾರಾದ್ರೂ ಮನೆಯಲ್ಲಿ ಮಾಡಿ ತರ್ತೀರಾ? ಮೂರು ವಾರ ಸಮಯ ಉಂಟು."

ಕೇಕ್ ಮಾಡುವ ಹೆಂಗಸರೆಲ್ಲ ತಲೆ ತಗ್ಗಿಸಿ ತಮ್ಮ ಸೀರೆಯ ಅಂಚು, ಶಾಲಿನ ಕುಚ್ಚು ನೋಡತೊಡಗಿದರು. ಈ ನೋಟ ನನಗೆ ಚೆನ್ನಾಗಿ ಗೊತ್ತು. ಪ್ರಶ್ನೆ ಕೇಳಿದ ಕೂಡಲೇ ಮಕ್ಕಳು ನೋಡುವ ನೋಟ ಅದು. ನನಗೆ ತಡೆಯಲಾಗಲಿಲ್ಲ. "ನಾಲ್ಕು ಸಾಮಾನಿನ ಬ್ರೆಡ್ಡಿನಲ್ಲಿ ಎಂತ ಉಂಟು? ನಾನು ತರ್ತೇನೆ," ಅಂದುಬಿಟ್ಟೆ.

"ಟೀಚರ್, ಅದು ಸ್ವಲ್ಪ ಕಷ್ಟ ಉಂಟು," ಎಂದಳು ಸಫಿಯಾ, ಬಹಳ ಮರ್ಯಾದೆಯಿಂದ.

ಆ ಮರ್ಯಾದೆಯೇ ನನ್ನನ್ನು ಚುಚ್ಚಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಮಾರ್ಕು ಕೊಟ್ಟ ಹುಡುಗಿಯೇ ಇನ್ನು ಮೂರು ವಾರದಲ್ಲಿ, ಹದಿನೈದು ಹೆಂಗಸರ ಎದುರು, ನನಗೆ ಮಾರ್ಕು ಕೊಡುವವಳಿದ್ದಳು. ಪಾಸಾಗದಿದ್ದರೆ ಟೀಚರ್ ಎಂದು ಕರೆಸಿಕೊಳ್ಳುವ ಮುಖ ನನಗೆ ಉಳಿಯುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಓವನ್ ಉಂಟು. ಮಗಳು ಶಾರ್ಜಾದಿಂದ ಬರುವಾಗ ತಂದದ್ದು. ಅದರ ಬಾಗಿಲು ಗಟ್ಟಿಯಾಗಿ ಮುಚ್ಚುವುದರಿಂದ ಹಪ್ಪಳ ಮೆತ್ತಗಾಗದಂತೆ ಇಡುವುದಕ್ಕೆ ಅಷ್ಟು ಒಳ್ಳೆಯ ಪೆಟ್ಟಿಗೆ ಬೇರೆ ಇರಲಿಲ್ಲ. ಹಪ್ಪಳಕ್ಕೆ ಬೇರೆ ಡಬ್ಬಿ ನೋಡಿ, ಓವನ್ ಒರೆಸಿ, ಶನಿವಾರ ಸಂಜೆಯೇ ಹಿಟ್ಟು ಕಲಸಿಟ್ಟೆ. ಹುದುಗು ಬರಿಸುವುದು ನನಗೆ ಹೊಸತೇ? ಸಾವಿರಾರು ದೋಸೆ ಹುಯ್ದ ಕೈ. ಸಂಜೆ ಇಟ್ಟರೆ ಬೆಳಿಗ್ಗೆ ಬಂದಿರುತ್ತದೆ, ಇದು ಪ್ರಪಂಚದ ನಿಯಮ.

ಬೆಳಿಗ್ಗೆ ನೋಡಿದರೆ ಹಿಟ್ಟು ಪಾತ್ರೆಯಲ್ಲಿ ಇರಲಿಲ್ಲ. ಮುಚ್ಚಳವನ್ನು ತಳ್ಳಿ, ಕಟ್ಟೆಯ ಮೇಲಿಂದ ಇಳಿದು, ಮಿಕ್ಸಿಯ ಬುಡದ ತನಕ ಹೋಗಿ ಅಲ್ಲಿ ಸೋತು ಬಿದ್ದಿತ್ತು. ಕಳ್ಳಿನ ಅಂಗಡಿಯ ವಾಸನೆ. ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ಫ್ರಾನ್ಸಿನ ಚಳಿಯಲ್ಲಿ ನಿಧಾನವಾಗಿ ಏಳುವ ಯೀಸ್ಟು ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ಗಂಟೆಯಲ್ಲಿ ಎದ್ದು ಕೂರುತ್ತದೆಂದು ನನಗೆ ಯಾರು ಹೇಳಬೇಕು? ಬಿಡದೆ ಅದನ್ನೇ ಬಾಚಿ ಬೇಯಿಸಿದೆ. ಬಂದದ್ದನ್ನು ಬ್ರೆಡ್ಡು ಎನ್ನುವುದಕ್ಕಿಂತ ಮೆಟ್ಟುಕಲ್ಲು ಎನ್ನುವುದು ಮೇಲು.

ನಮ್ಮ ಯಜಮಾನರ ಎದುರು ಒಂದು ತುಂಡು ಇಟ್ಟೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, "ನನಗೆ ಜ್ವರ ಎಲ್ಲ ಇಲ್ಲ ಮಾರಾಯ್ತಿ," ಎಂದರು.

ಅವರನ್ನು ದೂರಿ ಫಲವಿಲ್ಲ. ನಮ್ಮ ಊರಿನಲ್ಲಿ ಬ್ರೆಡ್ಡು ಒಂದು ಆಹಾರವಲ್ಲ, ಒಂದು ಸುದ್ದಿ. ಕೈಯಲ್ಲಿ ಬ್ರೆಡ್ಡಿನ ಪ್ಯಾಕೆಟ್ ಹಿಡಿದು ಹೋಗುವವರು ಆಸ್ಪತ್ರೆಗೇ ಹೋಗುವುದು. ಎರಡನೆಯ ವಾರ ನಾನು ಮೂರು ದಿನ ಬಿಡದೆ ಬ್ರೆಡ್ಡು ಮಾಡಿದ ವಾಸನೆ ಬೇಲಿ ದಾಟಿತು. ನಾಲ್ಕನೆಯ ದಿನ, ಆ ಆದಿತ್ಯವಾರ ಕೂಟಕ್ಕೆ ಬಾರದಿದ್ದ ಆಚೆ ಮನೆಯ ಕಮಲಕ್ಕ ಆರು ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದು, ಧ್ವನಿ ತಗ್ಗಿಸಿ, "ಟೀಚರ್ರೆ, ಯಜಮಾನರಿಗೆ ಎಂತ ಆದದ್ದು? ಡಾಕ್ಟ್ರು ಎಂತ ಹೇಳ್ತಾರೆ?" ಎಂದು ಕೇಳಿದರು. ಒಳಗೆ ಪೇಪರ್ ಓದುತ್ತಿದ್ದ ರೋಗಿ ಗಟ್ಟಿಯಾಗಿ ಕೆಮ್ಮಿದ್ದು ಬೇಕೆಂದೇ ಎಂದು ನನಗೆ ಈಗಲೂ ಗುಮಾನಿ. ಕಿತ್ತಳೆಯಲ್ಲಿ ಐದನ್ನು ಆ ರೋಗಿಯೇ ತಿಂದರು.

ಇಷ್ಟರಲ್ಲಿ ನಾನು ಫೋನಿನಲ್ಲಿ ವಿಡಿಯೋ ನೋಡತೊಡಗಿದ್ದೆ. ಒಂದೊಂದೂ ಒಂದು ಸಿಡಿಲು. ಒಲೆಗೆ ನೀರು ಬೀಳಬಾರದು ಎಂದು ಬೈಸಿಕೊಂಡು ಬೆಳೆದವಳು ನಾನು. ಇವರು ಓವನ್ನಿನೊಳಗೆ ಒಂದು ತಟ್ಟೆ ಕುದಿಯುವ ನೀರು ಇಡಬೇಕು, ಹಬೆ ಏಳಬೇಕು ಎನ್ನುತ್ತಾರೆ. ಎದ್ದು ನಿಂತ ಹಿಟ್ಟಿನ ಬೆನ್ನಿಗೆ ಬ್ಲೇಡಿನಿಂದ ಗೀರು ಹಾಕಬೇಕಂತೆ. ಯಜಮಾನರ ಶೇವಿಂಗ್ ಬ್ಲೇಡ್ ಕೇಳಿದಾಗ ಅವರು ಕೊಟ್ಟರು, ಆದರೆ ಕೆಲಸ ಮುಗಿಯುವ ತನಕ ಅಡುಗೆಮನೆಯ ಬಾಗಿಲಿನಲ್ಲೇ ನಿಂತಿದ್ದರು. ಎಲ್ಲಕ್ಕಿಂತ ದೊಡ್ಡ ಆಘಾತವೆಂದರೆ, ಈ ಬ್ರೆಡ್ಡಿನ ಸಿಪ್ಪೆ ಗಟ್ಟಿ ಇರಬೇಕಂತೆ. ಕಡಿದರೆ ಕರಕರ ಎನ್ನಬೇಕು, ಚೂರು ಸೀರೆಯ ಮೇಲೆ ಉದುರಬೇಕು. ಅದು ತಪ್ಪಲ್ಲ, ಅದೇ ಅದರ ಗುಣ.

ನೀವೇ ಯೋಚಿಸಿ, ನಮ್ಮಲ್ಲಿ ಇದು ಸಾಧ್ಯವೇ? ಅಕ್ಕಿಹಿಟ್ಟಿನ ಪತ್ತಿರಿ ಆಗಲಿ, ಚಪಾತಿ ಆಗಲಿ, ನೀರುದೋಸೆ ಆಗಲಿ, ಮೆತ್ತಗಿದ್ದರೆ ಮಾತ್ರ ಸೊಸೆಗೆ ಬೆಲೆ. ಗಟ್ಟಿಯಾದದ್ದು ಒಂದೇ ಒಂದು, ಕೋರಿರೊಟ್ಟಿ, ಅದನ್ನೂ ನಾವು ಮುರಿದು ಕೋಳಿಸಾರಿನಲ್ಲಿ ಮುಳುಗಿಸಿ ಶರಣಾಗುವ ತನಕ ಕಾಯುತ್ತೇವೆ. ರಸ್ಕಿಗೂ ಚಹಾದಲ್ಲಿ ಅದೇ ಗತಿ. ನಮ್ಮಿಂದ ನಾಲ್ಕು ಗಂಟೆಯ ರೈಲು ದಾರಿಯೂ ಇಲ್ಲದ ಮಾಹೆಯಲ್ಲಿ ಫ್ರೆಂಚರು ಎರಡು ಶತಮಾನ ಕೂತಿದ್ದರು. ನಮ್ಮವರು ಇಂದಿಗೂ ಮಾಹೆಗೆ ಹೋಗಿ ಬರುತ್ತಾರೆ. ಚೀಲದಲ್ಲಿ ತರುವುದು ಅಲ್ಲಿನ ಅಗ್ಗದ ಬಾಟಲಿ ಎಂದು ಎಲ್ಲರಿಗೂ ಗೊತ್ತು, ಬ್ರೆಡ್ಡು ತಂದವನನ್ನು ಮಾತ್ರ ನಾನು ಕಂಡಿಲ್ಲ.

ಮೂರನೆಯ ಆದಿತ್ಯವಾರ ಬಂತು. ಬೆಳಿಗ್ಗೆ ಕಲಸಿದ ಹಿಟ್ಟು ಒಂದೂಕಾಲು ಗಂಟೆಯಲ್ಲಿ ಸರಿಯಾಗಿ ಎದ್ದಿತು. ಉದ್ದಕ್ಕೆ ಸುತ್ತಿ, ಇನ್ನೊಮ್ಮೆ ಏಳಲು ಬಿಟ್ಟು, ಗೀರಿ, ಹಬೆಯ ನಡುವೆ ತಳ್ಳಿ, ಓವನ್ನಿನ ಎದುರೇ ಕೂತೆ. ಹೊರಗೆ ತೆಗೆದಾಗ ಬಂಗಾರದ ಬಣ್ಣ, ಗೀರು ಬಾಯಿ ಬಿಟ್ಟಿದೆ. ಮೇಜಿನ ಮೇಲೆ ಇಟ್ಟ ಕೂಡಲೇ ಒಳಗಿನಿಂದ ಚಿಟಚಿಟ ಎಂದು ಸಣ್ಣ ಸದ್ದು. ಹಲಸಿನ ಹಣ್ಣು ನೋಡುವಂತೆ ಬುಡಕ್ಕೆ ಬಡಿದರೆ ಟೊಳ್ಳು ಟೊಳ್ಳಾಗಿ ಕೇಳುತ್ತದೆ. ನಾನು ಯಜಮಾನರನ್ನು ಕರೆದು ತೋರಿಸಿದೆ. ಅವರು ಕೂಡ ಆ ಸದ್ದಿಗೆ ಕಿವಿ ಕೊಟ್ಟು, ಜ್ವರದ ಮಾತೆತ್ತದೆ, "ಜೀವ ಉಂಟಾ ಇದಕ್ಕೆ?" ಎಂದು ಕೇಳಿದರು. ನನ್ನ ಕಣ್ಣು ತುಂಬಿ ಬಂತೆಂದರೆ ನೀವು ನಗಬಾರದು.

ಆಮೇಲೆ ನಾನು ಮಾಡಿದ್ದನ್ನು ಈಗ ಹೇಳಲು ನಾಚಿಕೆ. ಕೂಟಕ್ಕೆ ಇನ್ನೂ ಒಂದು ಗಂಟೆಯಿತ್ತು. ಸಫಿಯಾಳ ಜಗಲಿಯ ತನಕ ಹೋಗುವಾಗ ಬ್ರೆಡ್ಡು ತಣ್ಣಗಾದರೆ? ಕಪಾಟಿನಿಂದ ದೊಡ್ಡ ಕ್ಯಾಸೆರೋಲ್ ತೆಗೆದೆ. ಮೈ ಒರೆಸುವ ಬೈರಾಸು, ಒಗೆದದ್ದು, ಅದನ್ನು ಒದ್ದೆ ಮಾಡಿ ಹಿಂಡಿ, ಬಿಸಿ ಬ್ರೆಡ್ಡನ್ನು ಎರಡು ತುಂಡು ಮಾಡಿ ಅದರಲ್ಲಿ ಸುತ್ತಿ, ಒಳಗಿಟ್ಟು, ಮುಚ್ಚಳ ತಿರುಗಿಸಿ ಭದ್ರ ಮಾಡಿದೆ. ಚಪಾತಿಗೆ ನಾನು ಹಾಗೆಯೇ ಮಾಡುವುದು, ನನ್ನ ಅಮ್ಮ ಹಾಗೆಯೇ ಬಾಳೆಎಲೆಯಲ್ಲಿ ಸುತ್ತುತ್ತಿದ್ದರು. ಸಿಪ್ಪೆ ಗಟ್ಟಿ ಇರಬೇಕೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಜಗಲಿಯಲ್ಲಿ ಹದಿನೈದು ಮಂದಿಯ ಎದುರು ಮುಚ್ಚಳ ತೆಗೆದಾಗ ಮುಖಕ್ಕೆ ಹಬೆ ಹೊಡೆಯಿತು. ಬೈರಾಸು ಬಿಡಿಸಿದೆ. ಬಂಗಾರದ ಬಣ್ಣ ಮಂಕಾಗಿತ್ತು. ಸಿಪ್ಪೆ ಒದ್ದೆಯಾಗಿ, ಬಹಳ ಹೊತ್ತು ನೀರಿನಲ್ಲಿದ್ದ ಬೆರಳಿನ ಹಾಗೆ ಸುಕ್ಕುಗಟ್ಟಿತ್ತು. ಒಂದು ಗಂಟೆಯ ಹಿಂದೆ ಮಾತಾಡುತ್ತಿದ್ದದ್ದು ಈಗ ಸುಮ್ಮನೆ ಮಲಗಿತ್ತು.

ಕಮಲಕ್ಕ ಬೆರಳಿನಿಂದ ಒತ್ತಿ, "ಎಷ್ಟು ಮೆತ್ತಗೆ ಬಂದಿದೆ ಟೀಚರ್ರೆ, ಹಲ್ಲಿಲ್ಲದವರೂ ತಿನ್ನಬಹುದು," ಎಂದು ಮನಸಾರೆ ಹೊಗಳಿದರು. ಉಳಿದವರೂ ಒತ್ತಿ ನೋಡಿ ತಲೆದೂಗಿದರು. ಬೇಕಿದ್ದರೆ ನಾನು ಅಲ್ಲಿಯೇ ಪಾಸಾಗಬಹುದಿತ್ತು. ನನ್ನನ್ನು ಬಿಟ್ಟರೆ ಸತ್ಯ ಗೊತ್ತಿದ್ದವಳು ಒಬ್ಬಳೇ, ಅವಳು ಚೂರಿಯಿಂದ ಬ್ರೆಡ್ಡು ಕೊಯ್ಯುತ್ತಿದ್ದಳು.

"ಟೀಚರ್, ಇದು ಆಗ್ಲಿಲ್ಲ," ಎಂದಳು ಸಫಿಯಾ.

ಟೀಚರಿಗೆ ಹೀಗೆ ಹೇಳಬಹುದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗಂತೂ ಇರಲೇ ಇಲ್ಲ. ಅವಳು ಕೊಯ್ದ ಹೋಳನ್ನು ನನ್ನ ಕೈಗೆ ಕೊಟ್ಟು, ಬೆರಳಿಟ್ಟು ತೋರಿಸಿದಳು. "ಒಳಗೆ ಸರಿ ಉಂಟು. ಈ ತೂತು ನೋಡಿ, ಸಣ್ಣದು, ದೊಡ್ಡದು, ಹೀಗೆಯೇ ಬರ್ಬೇಕು. ಕಲಸಿದ್ದು ಸರಿ, ಬೇಯಿಸಿದ್ದು ಸರಿ. ಬಿಸಿ ಇರುವಾಗ ಬಟ್ಟೆ ಸುತ್ತಿದ್ರಲ್ಲ, ಅದೊಂದೇ ತಪ್ಪು. ತಂತಿ ಜಾಲಿಯ ಮೇಲೆ ಗಾಳಿಗೆ ಇಡ್ಬೇಕು. ನಾಳೆ ಹತ್ತು ಗಂಟೆಗೆ ಬನ್ನಿ, ಒಟ್ಟಿಗೆ ಮಾಡುವ."

ನಾನು ಆ ಹೋಳನ್ನು ಹಿಡಿದುಕೊಂಡು ಕೂತುಬಿಟ್ಟೆ. ಫೇಲಾದದ್ದಕ್ಕೆ ಅಲ್ಲ. ಮೂವತ್ತೆರಡು ವರ್ಷದಲ್ಲಿ ನಾನು ತಿದ್ದಿದ ಪ್ರಬಂಧದ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟರೆ ಆ ಜಗಲಿಯ ಮಾಡು ಮುಟ್ಟುತ್ತಿತ್ತು. ಎಲ್ಲದರ ಕೆಳಗೂ ಕೆಂಪು ಶಾಯಿಯಲ್ಲಿ ಹತ್ತರಲ್ಲಿ ಇಷ್ಟು ಎಂದು ಬರೆದು, ಪಕ್ಕದಲ್ಲಿ 'ಸಾಲದು' ಎಂದು ಬರೆಯುತ್ತಿದ್ದೆ. ಎಲ್ಲಿ ಸಾಲದು, ಏಕೆ ಸಾಲದು, ಏನು ಮಾಡಿದರೆ ಸಾಕಾಗುತ್ತದೆ ಎಂದು ಬರೆದ ನೆನಪು ನನಗಿಲ್ಲ. ಮನೆಯಲ್ಲಿ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಬರೆಯುತ್ತಿದ್ದ ಹುಡುಗಿಯ ಪ್ರಬಂಧವೂ ಒಳಗೆ ಸರಿಯಾಗಿಯೇ ಇತ್ತೋ ಏನೋ. ನಾನು ಕೊಯ್ದು ನೋಡಿದವಳೇ ಅಲ್ಲ.

"ಸಫಿಯಾ, ಕ್ಲಾಸಿನಲ್ಲಿ ನಾನು ನಿನಗೆ ಎಷ್ಟು ಮಾರ್ಕು ಕೊಡ್ತಿದ್ದೆ?" ಎಂದು ಕೇಳಿದೆ.

"ಐದು, ಟೀಚರ್. ಯಾವಾಗ್ಲೂ ಐದು," ಎಂದು ನಕ್ಕಳು. ಹೋಳುಗಳನ್ನು ತಟ್ಟೆಗಳಿಗೆ ಹಂಚುತ್ತಾ ಹೇಳಿದಳು, "ಬಾಕಿ ಐದು ಎಲ್ಲಿ ಹೋಯ್ತು ಅಂತ ಮಾತ್ರ ಗೊತ್ತಾಗ್ಲಿಲ್ಲ."

ಅವಳ ಮಾತಿನಲ್ಲಿ ಮುಳ್ಳಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ಎಲ್ಲರೂ ಮೆತ್ತಗಿನ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಸಂತೋಷವಾಗಿ ತಿಂದರು.

ಮರುದಿನ ಹತ್ತು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಅವಳ ಗೇಟಿನ ಎದುರು ನಿಂತಿದ್ದೆ. ತಡವಾಗಿ ಬಂದವರನ್ನು ಅವಳು ಕ್ಲಾಸಿನ ಹೊರಗೇ ನಿಲ್ಲಿಸುತ್ತಾಳೆಂದು ಕಮಲಕ್ಕ ಹೇಳಿದ್ದರು. ಆ ಕ್ರಮವನ್ನು ಯಾರಿಂದ ಕಲಿತಳೆಂದು ನಾನು ಕೇಳಲು ಹೋಗಲಿಲ್ಲ.