ಮುತ್ತಜ್ಜಿಗೆ ಇಟ್ಟ ಒಂದೇ ಎಡೆ

ಮೊನ್ನೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತವರು ಲವಂಗ ಜಗಿಯುತ್ತಿದ್ದರು. ಆ ಘಾಟಿಗೆ ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು ನೆನಪಾಗಿ ಎದ್ದು ಬೇರೆ ಕಡೆ ಕೂತೆ. ಅವರ ಬಾಯಲ್ಲಿ ಸದಾ ಲವಂಗ... ಮಾತೂ ಅಷ್ಟೇ ಘಮಘಮ.

ಎರಡನೇ ಮಹಾಯುದ್ಧದ ಹೊತ್ತಿನ ಬರದಲ್ಲಿ ನಮ್ಮ ಸೀಮೆಯ ಎಷ್ಟು ಜನ ಸತ್ತಿರಬಹುದು ಎಂದು ಅವರು ಅಂದಾಜು ಹಾಕುತ್ತಿದ್ದರು. ಸರ್ಕಾರದ ಕಾಗದವನ್ನು ನಂಬಬಾರದು, ಮುದುಕರ ಬಾಯಿಂದಲೇ ತೆಗೆಯಬೇಕು ಎನ್ನುತ್ತಿದ್ದರು. ನಾನೇ ಹೆಮ್ಮೆಯಿಂದ ಅವರನ್ನು ಗುಡೇಕೋಟೆಯ ನಮ್ಮ ಮನೆಗೆ ಕರೆದುಕೊಂಡು ಹೋದೆ.

ಅಜ್ಜಿ ಬಾಯಿ ಬಿಡಲಿಲ್ಲ. ಆ ಬರದಲ್ಲಿ ಅವಳನ್ನು ಸೋದರತ್ತೆಯ ಕೈಗೆ ಕೊಟ್ಟು, ಕೂಲಿ ಹುಡುಕಿಕೊಂಡು ಗುಳೆ ಹೋದ ಅವಳ ಅವ್ವ ತಿರುಗಿ ಬಂದಿರಲಿಲ್ಲ. ಸತ್ತ ಸುದ್ದಿಯೂ ಬಂದಿರಲಿಲ್ಲ. ಹಾಗಾಗಿ ಹಿರಿಯರ ಹಬ್ಬದಲ್ಲಿ ತೀರಿಕೊಂಡವರಿಗೆಲ್ಲ ಎಡೆ ಇಡುವ ಅಜ್ಜಿ ತನ್ನ ಅವ್ವನಿಗೆ ಮಾತ್ರ ಇಡುತ್ತಿರಲಿಲ್ಲ. ಬದುಕಿರುವವರಿಗೆ ಎಡೆ ಇಟ್ಟರೆ ಕೈಯಾರೆ ಕೊಂದಂತೆ ಎಂಬ ಭಯ ಅವಳಿಗೆ.

ಮೇಷ್ಟ್ರು ಚಾಪೆಯ ಮೇಲೆ ಅವಳ ಪಕ್ಕ ಕೂತು, "ಅಜ್ಜಿ, ಆ ದಾರ್ಯಾಗ ಹೋದೋರು ಯಾರೂ ಉಳಿದಿಲ್ರಿ. ನಿಮ್ಮವ್ವ ತೀರಿಕೊಂಡಾಳ. ಸತ್ತೋರ ಲೆಕ್ಕದಾಗ ಆಕೀನ್ನ ಸೇರಿಸ್ತೀನಿ, ನನ್ನಾಣಿ" ಎಂದರು.

ಅಷ್ಟು ವರ್ಷದ ಅಳುವನ್ನೆಲ್ಲ ಅಜ್ಜಿ ಅವತ್ತೇ ಅತ್ತಳು. ಆಮೇಲೆ ಕೇರಿಯಲ್ಲಿ ಯಾರು ಹೋದರು, ಯಾರು ಉಳಿದರು, ಎಲ್ಲ ಹೇಳಿದಳು. ಆ ವರ್ಷದ ಹಬ್ಬಕ್ಕೆ ಹೊಸ ಸೀರೆ ಇಟ್ಟು, ಹೋಳಿಗೆ ಮಾಡಿ, ಅವ್ವನಿಗೆ ಎಡೆ ಇಟ್ಟಳು. ಅವಳ ಮುಖ ಅಷ್ಟು ನಿರಾಳವಾಗಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ.

ಮುಂದೆ ಕೂಡ್ಲಿಗಿಯಲ್ಲಿ ಮೇಷ್ಟ್ರ ಭಾಷಣವಿತ್ತು. ಅಜ್ಜಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದೆ. ಗುಳೆ ಹೋದವರನ್ನು ಸತ್ತವರೆಂದು ಎಣಿಸಿಲ್ಲ, ಅವರು ಬೇರೆಲ್ಲೋ ಬದುಕಿರುವ ಸಾಧ್ಯತೆಯೇ ಹೆಚ್ಚು ಎಂದರು ಮೇಷ್ಟ್ರು. ಜನ ಚಪ್ಪಾಳೆ ತಟ್ಟಿದರು. ಅಜ್ಜಿ ನನ್ನ ಕೈ ಹಿಡಿದುಕೊಂಡು, "ಹಂಗಾದ್ರ ನಮ್ಮವ್ವ ಅದಾಳೇನ? ಇದ್ದಾಕಿಗೆ ಎಡಿ ಇಟ್ಟುಬಿಟ್ನಲ್ಲೇ..." ಎಂದಳು.

ಹೊರಗೆ ಮೇಷ್ಟ್ರನ್ನು ಅಡ್ಡಗಟ್ಟಿ ಕೇಳಿದೆ.

"ಅದು ಮುದುಕಿ ಬಾಯಿ ಬಿಡ್ಲಿ ಅಂತ ಹೇಳಿದ್ದವ್ವಾ. ಲೆಕ್ಕ ಅಂದ್ರ ಬ್ಯಾರೆ."

ಸಮಾಧಾನವಾಗಿಯೇ ಅಷ್ಟು ಹೇಳಿ ಜೀಪು ಹತ್ತಿದರು. ಗುರುಗಳೆಂದು ನಂಬಿ ಮನೆಯೊಳಗೆ ಕರೆದಿದ್ದೆ. ನನ್ನನ್ನು ಮುಂದಿಟ್ಟುಕೊಂಡೇ ನನ್ನ ಅಜ್ಜಿಗೆ ಮೋಸ ಮಾಡಿದರು.

ಅಜ್ಜಿ ಮತ್ತೆಂದೂ ಅವ್ವನಿಗೆ ಎಡೆ ಇಡಲಿಲ್ಲ. ಕೆಲವು ಸಂಜೆ ಹೊಸ್ತಿಲಲ್ಲಿ ನಿಂತು, "ತಪ್ಪಾತವ್ವಾ" ಎಂದು ದಾರಿಗೆ ಕೈ ಮುಗಿಯುತ್ತಿದ್ದಳು.

ಈಗ ಅಜ್ಜಿಯೂ ಇಲ್ಲ, ಮೇಷ್ಟ್ರೂ ಇಲ್ಲ. ನನ್ನ ಸಿಟ್ಟು ಮಾತ್ರ ಹಾಗೇ ಇದೆ. ಹೋದ ಹಬ್ಬದಲ್ಲಿ ಅಜ್ಜಿಗೆ ಎಡೆ ಇಟ್ಟು, ಅವಳ ಅವ್ವನಿಗೂ ಬಡಿಸಲು ಒಂದು ಎಲೆ ಹಾಕಿದೆ. ಬದುಕಿದ್ದರೆ ಆಕೆಗೆ ನೂರು ದಾಟಿ ಎಷ್ಟೋ ಆಗಿರಬೇಕು... ಆದರೂ ಬಡಿಸಲು ಕೈ ಬರಲಿಲ್ಲ.